ಕೇಳಿದವರ ಸಹಿ

ರಜೆಯ ಮೂರನೆಯ ಸೋಮವಾರ ಬೆಳಿಗ್ಗೆ, ಶಾಲೆಯ ಸಂಗೀತದ ಕೋಣೆಯಲ್ಲಿ, ಮಕ್ಕಳ ಅಭ್ಯಾಸದ ಹಾಳೆಗಳನ್ನು ಒಂದೊಂದಾಗಿ ತಿರುವುತ್ತಿದ್ದ ಅವಳ ಕೈ ಹನ್ನೊಂದನೆಯ ಹಾಳೆಯ ಮೇಲೆ ನಿಂತುಬಿಟ್ಟಿತು. ಅದು ಅವಳ ಸ್ವಂತ ಮಗಳ ಹಾಳೆ. ದಿನಾಂಕ, ನುಡಿಸಿದ ಪಾಠ, ಎಷ್ಟು ನಿಮಿಷ, ಕೊನೆಯಲ್ಲಿ ಕೇಳಿದವರ ಸಹಿ. ಈ ನಾಲ್ಕು ಅಂಕಣಗಳಿಗೆ ಸ್ಕೇಲು ಹಿಡಿದು ಗೆರೆ ಎಳೆದವಳು ಅವಳೇ. ಆರು ವಾರ ಶಾಲೆ ಮುಚ್ಚಿದರೆ ಪಿಟೀಲುಗಳು ಕಪಾಟಿನಲ್ಲಿ ಧೂಳು ತಿನ್ನುತ್ತವೆ, ಮಕ್ಕಳು ಕಲಿತದ್ದನ್ನೆಲ್ಲ ಮರೆತು ಬರುತ್ತಾರೆ, ಮತ್ತೆ ಕಮಾನು ಹಿಡಿಯುವುದರಿಂದಲೇ ಶುರು ಮಾಡಬೇಕಾಗುತ್ತದೆ ಎಂದು ಮುಖ್ಯೋಪಾಧ್ಯಾಯಿನಿಯ ಜೊತೆ ಎರಡು ವರ್ಷ ಗುದ್ದಾಡಿ, ವಾದ್ಯಗಳನ್ನು ಮನೆಗೆ ಕೊಡಿಸಿ, ರಜೆಯಲ್ಲೂ ಸೋಮವಾರಕ್ಕೊಮ್ಮೆ ಒಂದು ಗಂಟೆ ಕೋಣೆ ತೆರೆಸಿದವಳೂ ಅವಳೇ. ಹಾಳೆಯ ಹಿಂಬದಿಯಲ್ಲಿ ಮನೆಯವರಿಗೆಂದು ಅವಳು ಬರೆದ ಮಾತುಗಳಿದ್ದವು: ನಿಮಗೆ ಸಂಗೀತ ಬಾರದಿದ್ದರೂ ಪರವಾಗಿಲ್ಲ. ದಿನಕ್ಕೆ ಹದಿನೈದು ನಿಮಿಷ ಮಗುವಿನ ಹತ್ತಿರ ಕೂತು ಕೇಳಿ. ನಡುವೆ ನಿಲ್ಲಿಸಬೇಡಿ. ತಪ್ಪು ಹಿಡಿಯುವುದು ನನ್ನ ಕೆಲಸ, ಕೇಳುವುದು ನಿಮ್ಮದು. ಕೊನೆಯ ಸಾಲನ್ನು ಮುಖ್ಯೋಪಾಧ್ಯಾಯಿನಿ ಎರಡು ಸಲ ಓದಿ, ಚೆನ್ನಾಗಿ ಬರೆದಿದ್ದೀರಿ ಅಂದಿದ್ದರು. ಮಗಳ ಹಾಳೆಯಲ್ಲಿ ಕಳೆದ ಏಳು ದಿನಗಳ ಎದುರು ಏಳು ಸಹಿಗಳಿದ್ದವು. ಏಳೂ ಒಂದೇ ಕೈಯವು, ಬಟ್ಟೆಗೆ ಗುರುತು ಹಾಕುವ ನೀಲಿ ಪೆನ್ಸಿಲಿನವು, ಅವಳದಲ್ಲದವು.

ಅಷ್ಟರಲ್ಲಾಗಲೇ ಹತ್ತು ಮಕ್ಕಳ ಹಾಳೆಗಳನ್ನು ಗಟ್ಟಿಯಾಗಿ ಓದಿ ಮುಗಿಸಿದ್ದಳು. ಬಸ್ಸು ಓಡಿಸುವ ಅಪ್ಪ ಡ್ಯೂಟಿ ಮುಗಿಸಿ ಬಂದು ಬೂಟು ಬಿಚ್ಚದೆ ಕೂತು ಕೇಳಿದ್ದ. ಒಂದು ಕಿವಿ ಕೇಳದ ಅಜ್ಜಿ ಕೇಳುವ ಕಿವಿಯನ್ನು ಈ ಕಡೆ ತಿರುಗಿಸಿಕೊಂಡು ಕೇಳಿದ್ದಳು. ಪ್ರತಿಯೊಂದು ಹಾಳೆಗೂ ಅವಳು ಶಭಾಷ್ ಎಂದಿದ್ದಳು, ಮನಸ್ಸಾರೆ. ಈಗ ಇದನ್ನು ಬಿಟ್ಟು ಹನ್ನೆರಡನೆಯದಕ್ಕೆ ಹಾರಿದರೆ ಮಕ್ಕಳಿಗೆ ಗೊತ್ತಾಗುತ್ತದೆ. ಓದಿದಳು. "ಏಳು ದಿನ, ದಿನಕ್ಕೆ ನಲವತ್ತು ನಿಮಿಷ. ಶಭಾಷ್." ಮುಂದೆ ಕೂತಿದ್ದ ಹುಡುಗಿಯೊಬ್ಬಳು ಕತ್ತು ಚಾಚಿ ಸಹಿ ನೋಡಿ, "ಅದ್ಯಾರು?" ಎಂದು ಮಗಳನ್ನು ಕೇಳಿದಳು. "ನಮ್ಮ ಕೆಳಗಿನ ಮನೆ ಟೈಲರಮ್ಮ," ಅಂದಳು ಮಗಳು. "ನಿಮ್ಮಮ್ಮನೇ ಟೀಚರ್ ಅಲ್ವಾ, ಮತ್ತೆ ಅವರ ಹತ್ರ ಯಾಕೆ?" ಮಗಳು ಕಮಾನಿನ ತುದಿಯಿಂದ ಕಾಲಿನ ಹೆಬ್ಬೆರಳನ್ನು ಮುಟ್ಟುತ್ತ, ಮಳೆ ಬರುತ್ತಿದೆ ಎಂದು ಹೇಳುವಷ್ಟೇ ಸಾಧಾರಣವಾಗಿ ಹೇಳಿದಳು: "ಅಮ್ಮ ಕೇಳಲ್ಲ. ಅಮ್ಮ ತಿದ್ತಾಳೆ." ಯಾರೂ ನಗಲಿಲ್ಲ. ಒಂದಿಬ್ಬರು ಹೌದು ಅನ್ನುವ ಹಾಗೆ ತಲೆಯಾಡಿಸಿದರು. ನಕ್ಕಿದ್ದರೆ ಗದರಿಸಬಹುದಿತ್ತು. ಅವಳು ಹನ್ನೆರಡನೆಯ ಹಾಳೆ ಎತ್ತಿಕೊಂಡಳು.

ಮನೆಗೆ ನಡೆದು ಹೋಗುವಾಗ ಮಗಳು ಪೆಟ್ಟಿಗೆಯನ್ನು ಬೆನ್ನಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ಮುಂದಿದ್ದಳು. ಒಂಬತ್ತು ವರ್ಷದ ಬೆನ್ನು, ಅದರ ಮೇಲೆ ಕಪ್ಪು ಪೆಟ್ಟಿಗೆ, ಹಿಂದಿನಿಂದ ನೋಡಿದರೆ ಪೆಟ್ಟಿಗೆಗೇ ಎರಡು ಕಾಲು ಬಂದ ಹಾಗೆ. ತಿದ್ದುವುದು ಎಂದರೇನು ಹಾಗಾದರೆ? ಮೊದಲ ವಾರ ತಾನೂ ಕೂತಿರಲಿಲ್ಲವೇ? ಅಡುಗೆಮನೆಯ ಮೇಜಿನ ಹತ್ತಿರ, ಎಲ್ಲ ಕೆಲಸ ಬದಿಗಿಟ್ಟು ಕೂತಿದ್ದಳು. ಹದಿನೇಳನೆಯ ಪಾಠದ ಮೂರನೆಯ ಸಾಲಿನಲ್ಲಿ ಉಂಗುರದ ಬೆರಳು ಒಂದು ತಂತಿಯಿಂದ ಇನ್ನೊಂದಕ್ಕೆ ಜಿಗಿಯಬೇಕು. ಮಗಳ ಬೆರಳು ಪ್ರತಿ ಸಲವೂ ಒಂದು ಕೂದಲೆಳೆ ತಡವಾಗಿ ಬರುತ್ತಿತ್ತು. ನಿಲ್ಲಿಸು. ಮತ್ತೊಮ್ಮೆ. ಮೊಣಕೈ ಒಳಗೆ. ನಿಲ್ಲಿಸು. ಇದನ್ನು ಬೇರೆ ಮಕ್ಕಳ ಜೊತೆ ಅವಳು ಎಂದೂ ಮಾಡಿದವಳಲ್ಲ. ಬೇರೆ ಮಕ್ಕಳ ತಪ್ಪು ಕೇಳಿಸಿದಾಗ ಅವಳಿಗೆ ಏನೂ ನೆನಪಾಗುತ್ತಿರಲಿಲ್ಲ. ಮಗಳದು ಕೇಳಿಸಿದಾಗ ಮಾತ್ರ ಒಂಬತ್ತು ವರ್ಷ ತಾನು ವಾದ್ಯವೃಂದದ ಕೊನೆಯ ಕುರ್ಚಿಯಲ್ಲಿ ಕೂತದ್ದು ನೆನಪಾಗುತ್ತಿತ್ತು. ಹಿಂದೆ ಬಾಗಿಲು, ಮುಂದೆ ಹತ್ತು ಬೆನ್ನುಗಳು. ಯಾರೋ ಸಂಗೀತಗಾರರು ತಡವಾಗಿ ಬಂದರೆ ಬಾಗಿಲು ತೆರೆದು ಗಾಳಿ ಬೀಸಿ ಅವಳ ಹಾಳೆಯೇ ಮೊದಲು ಹಾರುವುದು. ಬಿಟ್ಟು ಬಂದ ದಿನ ಅವಳ ಕುರ್ಚಿಯನ್ನು ಯಾರಾದರೂ ಎಳೆದುಕೊಂಡರೋ ಇಲ್ಲವೋ ಅದೂ ಗೊತ್ತಿಲ್ಲ. ಎರಡನೆಯ ವಾರದ ಮೊದಲ ದಿನ ಮಗಳು ಕಮಾನನ್ನು ಮೇಜಿನ ಮೇಲಿಟ್ಟು, ಅಳದೆ, "ನಾನು ಕೆಳಗೆ ಹೋಗಿ ನುಡಿಸ್ತೀನಿ" ಅಂದಿದ್ದಳು. ಹೋಗಲಿ, ಒಂದು ದಿನ ತಾನೇ ಅಂದುಕೊಂಡಿದ್ದಳು. ಆ ದಿನ ಒಳಗೊಳಗೆ ಸ್ವಲ್ಪ ಹಾಯೆನಿಸಿದ್ದೂ ನಿಜ.

ಕಟ್ಟಡದ ಬಾಗಿಲು ಬರುತ್ತಿದ್ದಂತೆ ಮಗಳು ಓಡಿದಳು. ನೆಲಮಹಡಿಯ ಮುಂದಿನ ಕೋಣೆಯಲ್ಲಿ ಟೈಲರಮ್ಮನ ಮಷೀನು. ಅರವತ್ತರ ಹೆಂಗಸು, ಒಂಟಿ, ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಹುಡುಕುವವಳು. ಕಟ್ಟಡದವರ ಪ್ಯಾಂಟು, ಫ್ರಾಕು, ದಿಂಬಿನ ಚೀಲ ಹೊಲಿಯುತ್ತ ಇದ್ದವಳಿಗೆ ಈ ಸಲ ಆಸ್ಪತ್ರೆಯೊಂದರಿಂದ ಇನ್ನೂರು ಪರದೆಗಳ ಕೆಲಸ ಸಿಕ್ಕಿತ್ತು. ಬರೀ ನೇರ ಹೊಲಿಗೆ, ಉದ್ದುದ್ದ ಅಂಚು. ಮೋಟಾರು ಹಾಕಿದ ಮಷೀನು ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ತಾಯಿ ಮೇಲೆ ಹೋಗಿ ಚಪ್ಪಲಿ ಬಿಟ್ಟು, ಕೈ ತೊಳೆಯಬೇಕೆಂದು ನಲ್ಲಿ ತಿರುಗಿಸಿ, ಮತ್ತೆ ನಿಲ್ಲಿಸಿದಳು. ನೀರಿನ ಸದ್ದಿಗೆ ಕೆಳಗಿನದು ಕೇಳುತ್ತಿರಲಿಲ್ಲ. ಮೊದಲು ಮಾತು. ಮಗಳದೇ ಮಾತು, ಬಿಡುವಿಲ್ಲದೆ. ಅದಕ್ಕೇ ಟೈಲರಮ್ಮ ಅವಳನ್ನು 'ರೀಲು' ಎಂದು ಕರೆಯುವುದು, ದಾರ ಬಿಚ್ಚಿದ ಹಾಗೆ ಮಾತು ಬಿಚ್ಚುತ್ತಾಳೆಂದು. ಮನೆಯಲ್ಲಿ ಇಷ್ಟು ಮಾತಾಡಿದ್ದನ್ನು ಅವಳು ಕೇಳಿಲ್ಲ. ಆಮೇಲೆ ಮಷೀನು ಶುರುವಾಯಿತು, ಅದರ ಹಿಂದೆಯೇ ಪಿಟೀಲಿನ ತಂತಿಯೊಂದು ಅದನ್ನು ಹುಡುಕುತ್ತ ಕೆಳಗಿಳಿಯಿತು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಎರಡೂ ಒಂದಾದವು. ಅವಳ ಕಿವಿ ನಿಮಿರಿತು. ಈ ಹುಡುಗಿ ಮಷೀನಿಗೆ ಶ್ರುತಿ ಸೇರಿಸುತ್ತಿದ್ದಾಳೆ. ದಿನವೂ ಸಂಜೆ ಪೆಟ್ಟಿಗೆ ತೆರೆದಾಗ ತಂತಿಗಳು ಇಳಿದಿರುವುದೇಕೆ ಎಂದು ಅವಳು ಒಂದು ವಾರದಿಂದ ತಂತಿ ಬಿಗಿಯುವ ಬಿರಡೆಗಳನ್ನು ಬೈಯುತ್ತಿದ್ದಳು. ಕಾಲು ಸ್ವರದಷ್ಟು ಕೆಳಗೆ. ಒಂದು ವಾರ ಪೂರ್ತಿ ಹುಡುಗಿ ತಪ್ಪು ಶ್ರುತಿಯಲ್ಲಿ ನುಡಿಸಿದ್ದಾಳೆ, ಹೊಲಿಗೆ ಮಷೀನಿನ ಶ್ರುತಿಯಲ್ಲಿ. ಸಿಟ್ಟಿಗಿಂತ ಮೊದಲು ಅವಳಿಗೆ ಬಂದದ್ದು ಒಂದು ಬಗೆಯ ಸಂತೋಷ. ಸಿಕ್ಕಿತು, ಹಿಡಿದುಕೊಳ್ಳಲು ಒಂದು ತಪ್ಪು ಸಿಕ್ಕಿತು.

ಗಂಡನದು ಕನ್ನಡಕದ ಅಂಗಡಿ. ಮಧ್ಯಾಹ್ನ ಊಟಕ್ಕೆ ಬಂದಾಗ ಹೇಳಿದಳು. "ಅವಳ ಕಿವಿ ಹಾಳಾಗ್ತಿದೆ. ಈ ವಯಸ್ಸಲ್ಲಿ ಕೂತ ಶ್ರುತಿ ಏಳಲ್ಲ." ಅವನು ತಟ್ಟೆಯಿಂದ ತಲೆಯೆತ್ತದೆ, "ದಿನಾ ನಲವತ್ತು ನಿಮಿಷ ನುಡಿಸ್ತಿದಾಳಲ್ಲ, ನೀನು ಬೇಡಿಕೊಂಡಿದ್ದು ಅದನ್ನೇ ಅಲ್ವಾ?" ಅಂದ. "ಮಷೀನಿಗೆ ಶ್ರುತಿ ಸೇರಿಸ್ತಾಳೆ ಅಂತಿದೀನಿ." "ಮಷೀನಿಗಾದ್ರೂ ಸೇರಿಸ್ತಾಳಲ್ಲ, ನನ್ನ ಅಂಗಡಿಗೆ ಬರೋರು ಅರ್ಧ ಜನ ಯಾವುದಕ್ಕೂ ಸೇರಲ್ಲ." ಅವಳು ನಗಲಿಲ್ಲ. ಅವನು ನೀರು ಕುಡಿದು, "ನೋಡು, ನನ್ನ ಹತ್ರ ಪಿಟೀಲು ಕುಯ್ಬೇಡ. ನಿನಗೆ ಬೇಜಾರಾಗಿರೋದು ಶ್ರುತಿಗಲ್ಲ" ಅಂದು ಕೈ ತೊಳೆಯಲು ಎದ್ದ. ದಿನವಿಡೀ ಜನರ ಕಣ್ಣಿಗೆ ಗಾಜು ಬದಲಿಸಿ ಬದಲಿಸಿ, ಈಗ ಕಾಣ್ತಾ, ಈಗ ಕಾಣ್ತಾ ಎಂದು ಕೇಳುವವನು. ಮನೆಯಲ್ಲಿ ಒಂದೇ ಗಾಜಿನಲ್ಲಿ ಕಂಡುಬಿಡುತ್ತಾನೆ. ಅವಳಿಗೆ ಅವನ ಮೇಲೂ ಉರಿಯಿತು. ಬೇಜಾರಂತೆ. ಬೇಜಾರಲ್ಲ ಅದು, ಹೊಟ್ಟೆಕಿಚ್ಚು. ಪಾತ್ರೆ ತೊಳೆಯುವಾಗ ಆ ಮಾತನ್ನು ತನಗೆ ತಾನೇ ಹೇಳಿಕೊಂಡಳು, ಬೇರೆ ಯಾರದ್ದೋ ಬಗ್ಗೆ ಹೇಳುವಂತೆ. ಸ್ವರ ಯಾವುದೆಂದು ತಿಳಿಯದ ಒಬ್ಬ ಮುದುಕಿಯ ಮೇಲೆ, ಇಪ್ಪತ್ತೈದು ವರ್ಷ ಸಂಗೀತ ಮಾಡಿದವಳಿಗೆ ಹೊಟ್ಟೆಕಿಚ್ಚು.

ಮರುದಿನ ಗಂಡನ ಹೊಸ ಪ್ಯಾಂಟಿನ ಉದ್ದ ಕಡಿಮೆ ಮಾಡಿಸುವ ನೆಪ ಹಿಡಿದು ಕೆಳಗಿಳಿದಳು. ಬಾಗಿಲು ತೆರೆದೇ ಇತ್ತು. ಕೋಣೆಯ ತುಂಬ ತಿಳಿಹಸಿರು ಪರದೆಗಳ ರಾಶಿ, ಅದರ ನಡುವೆ ಬಟ್ಟೆ ಸರಿಸಿ ಮಾಡಿದ ಒಂದು ಚಿಕ್ಕ ಜಾಗ, ಆ ಜಾಗದಲ್ಲಿ ಮಗಳು ಬರಿಗಾಲಲ್ಲಿ ನಿಂತು ನುಡಿಸುತ್ತಿದ್ದಳು. ಗೋಡೆಯ ಮೇಲೆ ಅಳತೆ ಬರೆದ ಚೀಟಿಗಳ ಸಾಲಿನಲ್ಲಿ ತಾಯಿ ಹಾಳೆಯ ಹಿಂಬದಿಯಲ್ಲಿ ಬರೆದ ಮಾತುಗಳ ನಕಲು. ಮಗಳು ತನ್ನ ಗುಂಡು ಅಕ್ಷರದಲ್ಲಿ ಬರೆದುಕೊಟ್ಟದ್ದು. 'ನಡುವೆ ನಿಲ್ಲಿಸಬೇಡಿ' ಎನ್ನುವುದರ ಕೆಳಗೆ ನೀಲಿ ಗೆರೆ. ಟೈಲರಮ್ಮ ತಾಯಿಯನ್ನು ಕಂಡು ಕಣ್ಣಿನಲ್ಲೇ, ಕೂತ್ಕೊಳ್ಳಿ ಎಂದು ಸ್ಟೂಲು ತೋರಿಸಿದಳು, ಮಷೀನು ನಿಲ್ಲಲಿಲ್ಲ. ಮಗಳು ಬೆನ್ನು ಹಾಕಿದ್ದಳು, ನೋಡಲಿಲ್ಲ. ಹದಿನೇಳನೆಯ ಪಾಠ, ಎರಡನೆಯ ಸಾಲು. ಮೂರನೆಯ ಸಾಲು ಬಂತು, ಬೆರಳು ಜಿಗಿಯಬೇಕಾದ ಜಾಗ ಬಂತು, ಬೆರಳು ಜಿಗಿಯಿತು. ತಡವಾಗಿಲ್ಲ, ಅವಸರವಿಲ್ಲ. ಹುಡುಗಿಗೆ ಅಲ್ಲೊಂದು ಕಷ್ಟವಿತ್ತೆಂಬುದೇ ಮರೆತಂತೆ ಪಾಠ ಮುಂದೆ ಹೋಯಿತು. ಪರದೆಯ ಅಂಚು ಮುಗಿಯುವುದಕ್ಕೂ ಪಾಠ ಮುಗಿಯುವುದಕ್ಕೂ ಹೆಚ್ಚು ಅಂತರವಿರಲಿಲ್ಲ. ಟೈಲರಮ್ಮ ದಾರ ಕತ್ತರಿಸಿ, "ಆ ಮಧ್ಯದಲ್ಲಿ ಒಂದು ಕಡೆ ಮೇಲಕ್ಕೆ ಹೋಗತ್ತಲ್ಲ ರೀಲು, ಅಲ್ಲಿ ನನಗೆ ಪ್ರತಿ ಸಲ ಕಾಲು ತಾನೇ ಮೆಲ್ಲಗಾಗತ್ತೆ ನೋಡು" ಅಂದಳು. "ಅದಕ್ಕೇ ನಾನು ಅಲ್ಲಿ ಸ್ವಲ್ಪ ಕಾಯ್ತೀನಿ," ಅಂದಳು ಮಗಳು. ಆಮೇಲೆ ತಿರುಗಿ ತಾಯಿಯನ್ನು ನೋಡಿದಳು. ಮಗಳ ಮುಖ ಹುಳ್ಳಗಾಯಿತು. ಗಲ್ಲದಿಂದ ಪಿಟೀಲು ಕೆಳಗಿಳಿಯಿತು.

"ಚೆನ್ನಾಗಿ ಬಂತು," ಅಂದಳು ತಾಯಿ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. "ಕೊಡು ಇಲ್ಲಿ. ಶ್ರುತಿ ಇಳಿದಿದೆ." ಪಿಟೀಲನ್ನು ತೆಗೆದುಕೊಂಡು ನಾಲ್ಕೂ ತಂತಿಗಳನ್ನು ಏರಿಸಿ ಸರಿಮಾಡಿದಳು. ಬಿರಡೆ ತಿರುಗಿಸುವ ತನ್ನ ಬೆರಳುಗಳ ಚುರುಕು ಇಬ್ಬರಿಗೂ ಕಾಣಲಿ ಎಂದು ಬೇಕೆಂದೇ ಬೇಗಬೇಗ ತಿರುಗಿಸಿದಳು. ಮಗಳು ಈಸಿಕೊಂಡು ಒಂದು ಸಲ ಕಮಾನು ಎಳೆದು, ಮಷೀನಿನ ಕಡೆ ನೋಡಿದಳು. ಟೈಲರಮ್ಮ ಪೆಡಲು ಒತ್ತಿದಳು. ಎರಡು ಸ್ವರಗಳೂ ಒಂದಕ್ಕೊಂದು ಸೇರದೆ ಕಚ್ಚಾಡಿದವು. ಪಿಟೀಲು ಸರಿಯಾಗಿತ್ತು, ಕೋಣೆಯೇ ತಪ್ಪಾಗಿತ್ತು. ಟೈಲರಮ್ಮ ತಕ್ಷಣ ಕಾಲು ತೆಗೆದಳು. "ನನ್ನ ಮಷೀನಿಂದ ತೊಂದ್ರೆ ಅಂತ ನನಗೆ ಗೊತ್ತಾಗಲಿಲ್ಲ ಟೀಚರ್. ಗೊತ್ತಿದ್ರೆ ಅವಳು ನುಡಿಸೋವಾಗ ನಿಲ್ಲಿಸ್ತಿದ್ದೆ. ನನಗೇನು, ಕಿವಿ ಇದೆ ಅಷ್ಟೇ." "ಹಾಗೇನಿಲ್ಲ," ಅಂದಳು ಅವಳು, ಹಾಗೆಯೇ ಇದೆ ಎನ್ನುವ ದನಿಯಲ್ಲಿ. ಮಷೀನು ನಿಂತ ಕೋಣೆಯಲ್ಲಿ ಮಗಳು ಮತ್ತೆ ನುಡಿಸಲು ಶುರು ಮಾಡಿ, ಮೂರನೆಯ ಸಾಲಿಗೆ ಬಂದು ತಡವರಿಸಿದಳು. ಟೈಲರಮ್ಮ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಕೆಲಸ ಬಿಟ್ಟು, ಶಾಲೆಯ ಮಗುವಿನ ಹಾಗೆ ನೆಟ್ಟಗೆ ಕೂತು ಕೇಳುತ್ತಿದ್ದಳು. ತಾಯಿ ಪ್ಯಾಂಟನ್ನು ಮೇಜಿನ ಮೇಲಿಟ್ಟು, ಎಷ್ಟು ಮಡಿಸಬೇಕೆಂದು ಹೇಳದೆ ಮೇಲೆ ಬಂದುಬಿಟ್ಟಳು.

ಬುಧವಾರ ಬೆಳಿಗ್ಗೆ ಮಗಳು ಪೆಟ್ಟಿಗೆ ಎತ್ತಿಕೊಂಡು ಬಾಗಿಲಿಗೆ ಹೋದಾಗ ಅವಳು ಬಟ್ಟೆ ಮಡಿಸುತ್ತಿದ್ದಳು. ಏನನ್ನೂ ಯೋಚಿಸಿರಲಿಲ್ಲ, ಯೋಚಿಸಿರಲಿಲ್ಲ ಎಂದೇ ಆಮೇಲೆ ಎಷ್ಟೋ ಸಲ ತನಗೆ ತಾನು ಹೇಳಿಕೊಂಡಳು. "ಇವತ್ತು ಹೋಗಬೇಡ. ಟೈಲರಮ್ಮನಿಗೆ ತಲೆನೋವಂತೆ." ಮಗಳು ತಿರುಗಿದಳು. "ಇವತ್ತು ಮಾತ್ರಾನಾ?" "ಕೆಲವು ದಿನ ಬರೋದು ಬೇಡ ಅಂದ್ರು." ಸುಳ್ಳು ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಟೈಲರಮ್ಮ ಅದನ್ನು ಹೇಳಿದ ದನಿ, ಹಣೆ ಒತ್ತಿಕೊಂಡ ರೀತಿ ಎಲ್ಲ ಅವಳ ಕಣ್ಣಿಗೆ ಕಟ್ಟಿತು. ಮಗಳು ಪೆಟ್ಟಿಗೆಯ ಪಟ್ಟಿಯನ್ನು ಹೆಗಲಿಂದ ಇಳಿಸದೆ ನಿಂತೇ ಇದ್ದಳು. "ನನ್ನ ಪಿಟೀಲಿನ ಸದ್ದಿಗಾ?" ಇಲ್ಲ ಎನ್ನಬಹುದಿತ್ತು. ಇಲ್ಲ ಕಂದ, ಅವರಿಗೆ ಕೆಲಸ ಜಾಸ್ತಿ ಎನ್ನಬಹುದಿತ್ತು. "ಇರಬಹುದು," ಅಂದಳು. ಹುಡುಗಿ ತಲೆ ಕೆಳಗೆ ಹಾಕಿದಳು. ಆ ತಲೆ ಕೆಳಗೆ ಹೋದದ್ದನ್ನು ಅವಳು ಪೂರ್ತಿ ನೋಡಿದಳು, ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ. ಕೈಯಲ್ಲಿದ್ದ ಟವೆಲ್ಲನ್ನು ನಾಲ್ಕು ಮಡಿಕೆಗೆ ಬದಲು ಎಂಟು ಮಡಿಕೆ ಮಾಡಿದ್ದು ಆಮೇಲೆ ಗೊತ್ತಾಯಿತು.

ಆ ಮೂರು ದಿನ ಮಗಳು ಅಡುಗೆಮನೆಯ ಮೇಜಿನ ಹತ್ತಿರವೇ ನುಡಿಸಿದಳು. ಕರೆಯಬೇಕಾಗಿರಲಿಲ್ಲ, ಹತ್ತು ಗಂಟೆಗೆ ತಾನೇ ಬಂದು ನಿಲ್ಲುವಳು. ಶ್ರುತಿ ಸರಿಯಾಗಿತ್ತು. ಮೊಣಕೈ ಒಳಗಿತ್ತು. ತಾಯಿ ತೀರ್ಮಾನಿಸಿಕೊಂಡಿದ್ದಳು, ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತೇನೆ, ತನ್ನದೇ ಹಾಳೆಯಲ್ಲಿ ಬರೆದಂತೆ ಬರೀ ಕೇಳುತ್ತೇನೆ, ಆ ಮುದುಕಿಗೆ ಬರುವುದು ನನಗೆ ಬಾರದೇ? ಕೂತಳು. ಮಗಳು ಮೊದಲ ಸಾಲಿನಲ್ಲಿ ಒಂದು ಕಡೆ ನಿಂತಳು. ತಾಯಿಯನ್ನು ನೋಡಿದಳು. ಹಿಂದಕ್ಕೆ ಹೋಗಿ ಮತ್ತೆ ನುಡಿಸಿದಳು. ಎರಡನೆಯ ಸಾಲಿನಲ್ಲಿ ನಿಂತಳು, ನೋಡಿದಳು, ಮತ್ತೆ ಹಿಂದಕ್ಕೆ ಹೋದಳು. ತಾಯಿ ಏನೂ ಹೇಳಿರಲಿಲ್ಲ, ಹುಬ್ಬು ಸಹ ಏರಿಸಿರಲಿಲ್ಲ. ಮಗಳು ನಿಲ್ಲುತ್ತಿದ್ದದ್ದು ಸರಿಯಾಗಿ ಅವಳು ನಿಲ್ಲಿಸುತ್ತಿದ್ದ ಜಾಗಗಳಲ್ಲಿ, ಒಂದೂ ಬಿಡದೆ. ಈಗ ಅವಳು ಬೇಕಾಗಿಯೂ ಇರಲಿಲ್ಲ. ತಿದ್ದುವವಳು ಹುಡುಗಿಯ ಒಳಗೇ ಹೋಗಿ ಕೂತಿದ್ದಳು. "ನಿಲ್ಲಿಸದೆ ನುಡಿಸು ಮರಿ," ಅಂದಳು. "ತಪ್ಪಾಗತ್ತೆ," ಅಂದಳು ಮಗಳು. "ತಪ್ಪಾದ್ರೆ ಆಗಲಿ." ಮಗಳು ಇದೂ ಒಂದು ಪರೀಕ್ಷೆಯೇನೋ ಎಂದು ಅವಳ ಮುಖ ನೋಡಿ, ಮತ್ತೆ ಮೊದಲಿಂದ ಶುರು ಮಾಡಿ, ಅದೇ ಜಾಗದಲ್ಲಿ ನಿಂತಳು. ಹದಿನೈದು ನಿಮಿಷ ಮುಗಿದ ತಕ್ಷಣ ಪೆಟ್ಟಿಗೆ ಮುಚ್ಚಿ, ಹಾಳೆ ತಂದು ಮುಂದಿಟ್ಟಳು. ತಾಯಿ ಸಹಿ ಹಾಕಿದಳು. ತನ್ನ ಸಹಿ ನೀಲಿ ಸಹಿಗಳ ಕೆಳಗೆ ಕೂತದ್ದನ್ನು ನೋಡಿ ಒಂದು ಕ್ಷಣ ಗೆದ್ದಂತಾಯಿತು, ಮರುಕ್ಷಣ ಮೈಯೆಲ್ಲ ನಾಚಿಕೆ. ಕೆಳಗೆ ಮಷೀನು ಒಂದೇ ಸಮನೆ ಗುಂಯ್ ಅನ್ನುತ್ತಿತ್ತು. ತಲೆನೋವಿದ್ದವರು ಹೀಗೆ ಹೊಲಿಯುತ್ತಾರೆಯೇ ಎಂದು ಮಗಳು ಕೇಳಬಹುದೆಂದು ಕಾದಳು. ಮಗಳು ಕೇಳಲಿಲ್ಲ. ಟೈಲರಮ್ಮ ಮಷೀನಿನ ಸದ್ದನ್ನು ತಾಳಿಕೊಳ್ಳಬಹುದು, ತನ್ನ ಪಿಟೀಲಿನದನ್ನಲ್ಲ ಎಂದು ಅವಳು ಒಪ್ಪಿಕೊಂಡಾಗಿತ್ತು.

ಶುಕ್ರವಾರ ಮಧ್ಯಾಹ್ನ, ಮಗಳು ಮಲಗಿದ್ದಾಗ, ಟೈಲರಮ್ಮ ಪ್ಯಾಂಟು ಹಿಡಿದು ಮೇಲೆ ಬಂದಳು. ಮೆಟ್ಟಿಲು ಹತ್ತಿ ಏದುಸಿರು ಬರುತ್ತಿತ್ತು. "ಎರಡು ಅಂಗುಲ ಮಡಿಸಿದೀನಿ. ನಿಮ್ಮ ಯಜಮಾನರ ಹಳೇ ಅಳತೆ ನನ್ನ ಹತ್ರ ಇತ್ತು." ಆಮೇಲೆ ಒಳಗೆ ಇಣುಕಿ, "ರೀಲು ಹುಷಾರಾಗಿದಾಳಾ? ಮೂರು ದಿನ ಆಯ್ತು" ಅಂದಳು. ಈಗ ಹೇಳಿಬಿಡಬೇಕು ಎಂದುಕೊಂಡಳು ತಾಯಿ. ಹೇಳುವ ಮಾತು ನಾಲಿಗೆಯ ತುದಿಗೂ ಬಂತು. "ಹುಷಾರಾಗಿದಾಳೆ. ಅವಳಿಗೇ ಸ್ವಲ್ಪ ಬೇಜಾರು ಬಂದಿದೆ. ದಿನಾ ಕೆಳಗೆ ಬರೋದಕ್ಕೆ." ಟೈಲರಮ್ಮ ಹಣೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗಿಳಿಸಿ, ಮತ್ತೆ ಹಣೆಗೇರಿಸಿದಳು. "ಮಕ್ಕಳಲ್ವಾ. ನನ್ನ ಜೊತೆ ಎಷ್ಟು ದಿನ ಅಂತ ಕೂರ್ತಾಳೆ ಪಾಪ." ನಕ್ಕಳು. "ಮಷೀನು ನಿಲ್ಲಿಸಿ ಕೂರ್ತೀನಿ ಅಂತ ಹೇಳಿ ಬೇಕಾದ್ರೆ." ಇಳಿಯುವಾಗ ಕಂಬಿ ಹಿಡಿದುಕೊಂಡೇ ಇಳಿದಳು. ತಾಯಿ ಬಾಗಿಲು ಹಾಕಿಕೊಂಡು, ಪ್ಯಾಂಟಿನ ಅಂಚಿನ ಹೊಲಿಗೆಯಲ್ಲಿ ಎಲ್ಲಾದರೂ ಸುಕ್ಕಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದಳು. ಇರಲಿಲ್ಲ.

ಭಾನುವಾರ ಹನ್ನೊಂದರ ಹೊತ್ತಿಗೆ ತಾಯಿ ಮಗಳು ಇಬ್ಬರೂ ಅಂಗಡಿಯಿಂದ ಬ್ರೆಡ್ಡು ಸೋಪು ತರಲು ಹೋಗಿ ಬಂದರು. ಟೈಲರಮ್ಮ ಮೆಟ್ಟಿಲ ಬುಡದಲ್ಲಿ ನಿಂತು ಪರದೆಯೊಂದನ್ನು ಕೊಡವುತ್ತಿದ್ದಳು. ದಾರದ ತುಂಡುಗಳು ಗಾಳಿಯಲ್ಲಿ ಹಾರುತ್ತಿದ್ದವು. ತಪ್ಪಿಸಿಕೊಂಡು ಹೋಗಲು ಬೇರೆ ದಾರಿಯಿರಲಿಲ್ಲ. ಮಗಳು ತಾಯಿಯ ಬೆನ್ನ ಹಿಂದೆ ಸರಿದಳು. ಟೈಲರಮ್ಮ ನಕ್ಕಳು, ಆದರೆ ರೀಲು ಎಂದು ಕರೆಯಲಿಲ್ಲ. ಒಲ್ಲೆನೆಂದ ಮಗುವನ್ನು ಕರೆದು ಮುಜುಗರ ಮಾಡಬಾರದೆಂದು ಅವಳು ಸುಮ್ಮನಿದ್ದಾಳೆ ಎಂಬುದು ತಾಯಿಗೆ ಅರ್ಥವಾಯಿತು. ಇಬ್ಬರೂ ಒಬ್ಬರನ್ನೊಬ್ಬರು ದಾಟಿಹೋಗುತ್ತಿದ್ದರು, ಅವಳು ಹೆಣೆದ ಎರಡು ಸುಳ್ಳುಗಳನ್ನು ಒಬ್ಬೊಬ್ಬರು ಒಂದೊಂದು ಹೊತ್ತುಕೊಂಡು. ಆಗ ಮಗಳು ಬೆನ್ನ ಹಿಂದಿನಿಂದಲೇ ಧೈರ್ಯ ಮಾಡಿ ಕೇಳಿದಳು.

"ಟೈಲರಮ್ಮ, ತಲೆನೋವು ಕಮ್ಮಿ ಆಯ್ತಾ?"

ಟೈಲರಮ್ಮನ ಕೈ ಪರದೆಯ ಮೇಲೆ ನಿಂತಿತು. ಮಗುವನ್ನು ನೋಡಿದಳು. ಆಮೇಲೆ ಕಣ್ಣೆತ್ತಿ ತಾಯಿಯನ್ನು ನೋಡಿದಳು. ಅರವತ್ತು ವರ್ಷದ ಆ ಮುಖದಲ್ಲಿ ಎಲ್ಲವೂ ಗೊತ್ತಾಗುತ್ತ ಹೋದದ್ದು ತಾಯಿಗೆ ಕಾಣಿಸಿತು. ಶುಕ್ರವಾರದ ಬಾಗಿಲು, ಬೇಜಾರಿನ ಮಾತು, ಮಂಗಳವಾರದ ಬಿರಡೆ, ಒಂದರ ಹಿಂದೊಂದು. ಟೈಲರಮ್ಮ ಹಣೆಯ ಮೇಲೆ ಕೈಯಿಟ್ಟುಕೊಂಡಳು, ತಾಯಿ ಅಂದು ಕಲ್ಪಿಸಿಕೊಂಡಂತೆಯೇ.

"ಇನ್ನೂ ಸ್ವಲ್ಪ ಇದೆ ಮರಿ. ಹೋಗತ್ತೆ."

"ನಾನು ಮೆಲ್ಲಗೆ ನುಡಿಸಿದ್ರೂ ಆಗಲ್ವಾ?"

"ಈಗ ಬೇಡಮ್ಮ. ಅಮ್ಮ ಇದ್ದಾರಲ್ಲ. ಅವರಿಗೆ ಗೊತ್ತಾಗೋದು ನನಗೆಲ್ಲಿ ಗೊತ್ತಾಗತ್ತೆ?"

ಮಗಳು ತಲೆಯಾಡಿಸಿದಳು. ಮುಗಿಯಿತು. ಇನ್ನು ಮೇಲೆ ಹೋದರೆ ಸಾಕು, ಹುಡುಗಿ ತನ್ನವಳು, ಸುಳ್ಳು ನಿಜವಾಗಿಬಿಟ್ಟಿತ್ತು, ಆ ಹೆಂಗಸು ತಾನೇ ಅದಕ್ಕೆ ಸಹಿ ಹಾಕಿ ಕೊಟ್ಟಿದ್ದಳು. ತಾಯಿ ಒಂದು ಮೆಟ್ಟಿಲು ಹತ್ತಿದಳು. ತಾನಾಗಿದ್ದರೆ ಇದನ್ನು ಮಾಡುತ್ತಿದ್ದೆನೇ ಎಂದುಕೊಂಡಳು. ಮಾಡುತ್ತಿರಲಿಲ್ಲ. ತನ್ನ ಮಾನ ಉಳಿಸಲು ಆ ಮುದುಕಿ ಮಗುವನ್ನೇ ಬಿಟ್ಟುಕೊಟ್ಟಳು, ಕೇಳುವುದರಲ್ಲಿ ತನ್ನನ್ನು ಮೀರಿಸಿದ್ದು ಸಾಲದೆಂಬಂತೆ ಇದರಲ್ಲೂ ಮೀರಿಸಿದಳು. ಅದನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ. "ಅವರಿಗೆ ತಲೆನೋವೇ ಇಲ್ಲ," ಅಂದಳು. ದನಿ ಬೇಕಾದ್ದಕ್ಕಿಂತ ಗಟ್ಟಿಯಾಗಿತ್ತು. "ಅವರು ಬರಬೇಡ ಅಂತ ಹೇಳಲೇ ಇಲ್ಲ. ನಾನು ಸುಳ್ಳು ಹೇಳಿದ್ದು."

"ಯಾಕೆ?" ಅಂದಳು ಮಗಳು.

"ಹೊಟ್ಟೆಕಿಚ್ಚಿಗೆ."

ಮಗಳು ಅದನ್ನು ಅರ್ಥಮಾಡಿಕೊಳ್ಳಲು ನೋಡಿದಳು. ಸಿಟ್ಟಾಗುತ್ತಾಳೆ, ಅಳುತ್ತಾಳೆ ಎಂದು ತಾಯಿ ಕಾದಳು. ಆದರೆ ಹುಡುಗಿ ತಿರುಗಿದ್ದು ಅವಳ ಕಡೆಗಲ್ಲ. ತಾಯಿ ಸುಳ್ಳು ಹೇಳಬಹುದೆಂಬುದು ಅವಳಿಗೆ ಅಷ್ಟೇನೂ ಹೊಸದಾಗಿರಲಿಲ್ಲವೇನೋ. ಟೈಲರಮ್ಮನನ್ನು ನೋಡಿ, "ಮತ್ತೆ ನೀವು ಇನ್ನೂ ಸ್ವಲ್ಪ ಇದೆ ಅಂದ್ರಿ?" ಅಂದಳು. ಟೈಲರಮ್ಮ ಪರದೆಯ ಅಂಚಿಗೆ ಕಣ್ಣಿಳಿಸಿದಳು. ಆ ಗಳಿಗೆಯಲ್ಲಿ, ಆ ಮುಖ ಹಾಗೆ ಬಾಡಿದ್ದನ್ನು ಕಂಡ ಆ ಒಂದೇ ಗಳಿಗೆಯಲ್ಲಿ, ತಾಯಿಗೆ ಖುಷಿಯಾಯಿತು. ನಿಜ ಹೇಳಿದ್ದಕ್ಕೆ ಮನಸ್ಸು ಹಗುರಾದ ಖುಷಿಯಲ್ಲ ಅದು. ಯಾವುದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಶ್ರುತಿ ತಪ್ಪಿದ್ದನ್ನು ಕಂಡುಹಿಡಿದ ದಿನದ್ದೇ ಖುಷಿ. ಮಗಳು ಬಂದು ತಾಯಿಯ ಕೈಯಿಂದ ಬೀಗದ ಕೈ ಕಿತ್ತುಕೊಂಡು, ಇಬ್ಬರನ್ನೂ ನೋಡದೆ, ಮೆಟ್ಟಿಲು ಹತ್ತಿ ಹೋದಳು. ಬಾಗಿಲು ತೆರೆದು ಮುಚ್ಚಿತು. ಒಳಗಿನಿಂದ ಅಗುಳಿ ಬಿದ್ದ ಸದ್ದು ಕೆಳಗಿನವರೆಗೂ ಕೇಳಿಸಿತು.

ಟೈಲರಮ್ಮ ಪರದೆಯನ್ನು ತೋಳಿನ ಮೇಲೆ ನಿಧಾನವಾಗಿ ಮಡಿಸಿಕೊಂಡಳು. "ಮೊನ್ನೆ ನಾನು ನಿಮ್ಮ ಬಾಗಿಲಿಗೆ ಬಂದು ಕೇಳಿದಾಗ ಹೇಳಬಹುದಿತ್ತು ಟೀಚರ್," ಅಂದಳು. ಅಷ್ಟೇ ಅಂದಳು. ಸೋಪಿನ ಚೀಲ ತಾಯಿಯ ಬೆರಳನ್ನು ಕೊರೆಯುತ್ತಿತ್ತು, ಕೆಳಗಿಡಲು ತೋಚಲಿಲ್ಲ. ಮೇಲೆ ಪೆಟ್ಟಿಗೆ ತೆರೆದ ಸದ್ದು ಬಂತು, ಬಿರಡೆಗಳು ಕಿರುಗುಟ್ಟಿದವು. ಮಗಳು ಶ್ರುತಿ ಸೇರಿಸಿಕೊಳ್ಳುತ್ತಿದ್ದಳು, ಆದರೆ ಮಷೀನು ನಿಂತಿತ್ತು, ತಾಯಿ ಕೆಳಗಿದ್ದಳು. ಯಾವುದಕ್ಕೆ ಸೇರಿಸುತ್ತಿದ್ದಾಳೆಂದು ತಿಳಿಯಲಿಲ್ಲ. ಆಮೇಲೆ ನುಡಿಸಲು ಶುರು ಮಾಡಿದಳು. ಸಿಟ್ಟಿನಲ್ಲಿ ಎಳೆದ ಕಮಾನು, ಒರಟಾದ ದನಿ, ಒಂದೆರಡು ಕಡೆ ಬೆರಳು ಜಾರಿತು. ಎಲ್ಲಿಯೂ ನಿಲ್ಲಲಿಲ್ಲ. ತಿರುಗಿ ಹಿಂದಕ್ಕೆ ಹೋಗಲಿಲ್ಲ. ಇಬ್ಬರೂ ತಲೆಯೆತ್ತಿ, ಮೇಲಿನ ಮುಚ್ಚಿದ ಬಾಗಿಲಿನ ಕಡೆ ನೋಡುತ್ತ ನಿಂತರು.

"ಇದ್ಯಾವ ಪಾಠ ಟೀಚರ್?" ಟೈಲರಮ್ಮ ಮೆಲ್ಲಗೆ ಕೇಳಿದಳು. "ನನ್ನ ಹತ್ರ ಇದನ್ನ ನುಡಿಸಿಲ್ಲ."

ತಾಯಿ ಕಿವಿಗೊಟ್ಟು ಕೇಳಿದಳು. ಹದಿನೇಳನೆಯದಲ್ಲ. ಅದಕ್ಕಿಂತ ಮುಂಚಿನದೂ ಅಲ್ಲ, ಮುಂದಿನದೂ ಅಲ್ಲ. ಪುಸ್ತಕದಲ್ಲಿ ಅಂಥದ್ದು ಇರಲಿಲ್ಲ.

"ಗೊತ್ತಿಲ್ಲ," ಅಂದಳು. ಮೇಲೆ ಹೋಗಿ ಬಾಗಿಲು ತಟ್ಟುವ ಧೈರ್ಯ ಇಬ್ಬರಲ್ಲಿ ಒಬ್ಬರಿಗೂ ಇರಲಿಲ್ಲ.